ಒಂದೇ ಕೋಣೆ, ಎರಡು ಅಳತೆ: ಮನೆಯ ಮಾದರಿ ರೈಲಿಗೆ ಎಚ್‌ಓ ಒಳ್ಳೆಯದೋ, ಎನ್ ಒಳ್ಳೆಯದೋ?

ವಿಜಯಪುರದ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ನಾನು ಮೊದಲು ಎಚ್‌ಓ ಅಳತೆಯ ರೈಲುಮಾರ್ಗವನ್ನು ಕಟ್ಟಿ ಎರಡು ವರ್ಷ ಓಡಿಸಿದೆ; ಬಳಿಕ ಅದನ್ನು ಬಿಚ್ಚಿ, ಅದೇ ಜಾಗದಲ್ಲಿ ಎನ್ ಅಳತೆಯದನ್ನು ಕಟ್ಟಿದೆ. ಎಚ್‌ಓ ಎಂದರೆ ನಿಜವಾದ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಎನ್ ಎಂದರೆ 160ನೇ ಒಂದು ಪಾಲು, ಅಂತರ 9 ಮಿ.ಮೀ. ಎರಡರಲ್ಲಿಯೂ ನನಗೆ ಬೇಕಾಗಿದ್ದ ನೋಟ ಒಂದೇ: ಬಯಲಿನಲ್ಲಿ ಉದ್ದನೆಯ ಗಾಡಿಯೊಂದು ನೇರವಾಗಿ ಬಂದು ನಿಲ್ದಾಣದಲ್ಲಿ ನಿಲ್ಲಬೇಕು, ಅದರ ಹಿಂದೆ ಗೋಳಗುಮ್ಮಟ ಕಾಣಬೇಕು.

ಈ ನೋಟವನ್ನು ಎಚ್‌ಓ ನನಗೆ ಕೊಡಲಿಲ್ಲ. ಕಾರಣ ಜಾಗದ ಲೆಕ್ಕದಲ್ಲಿಯೇ ಇದೆ. ಚೆನ್ನೈಯ ಐಸಿಎಫ್ ಕಾರ್ಖಾನೆಯ ನಮ್ಮ ಹಳೆಯ ನೀಲಿ ಬೋಗಿಯ ಉದ್ದ ಸುಮಾರು 21.3 ಮೀಟರ್, ಅದು ಎಚ್‌ಓದಲ್ಲಿ 24.5 ಸೆಂ.ಮೀ., ಎನ್‌ನಲ್ಲಿ 13.3 ಸೆಂ.ಮೀ. ಆಗುತ್ತದೆ. ನನ್ನ ಎಚ್‌ಓ ಹಲಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲವಿತ್ತು. ಎರಡೂ ತುದಿಗೆ 43.8 ಸೆಂ.ಮೀ. ತ್ರಿಜ್ಯದ ತಿರುವುಗಳನ್ನು ಹಾಕಿ, ಅಂಚು ಬಿಟ್ಟ ಮೇಲೆ ನಡುವೆ ಉಳಿದ ನೇರ ಹಳಿ 85 ಸೆಂ.ಮೀ. ಮಾತ್ರ, ಅದರಲ್ಲಿ ಒಂದು ಎಂಜಿನ್ ಮತ್ತು ಎರಡು ಬೋಗಿಗಳಷ್ಟೇ ಹಿಡಿಯುತ್ತಿದ್ದವು. ಎನ್ ಹಲಗೆ ಐದು ಅಡಿ ಉದ್ದ, ಎರಡೂವರೆ ಅಡಿ ಅಗಲದ್ದು, ಅಲ್ಲಿ 28.2 ಸೆಂ.ಮೀ. ತ್ರಿಜ್ಯದ ತಿರುವುಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ನೇರ ಹಳಿ ಉಳಿಯಿತು, ಆದರೆ ಎಂಜಿನ್ನಿನ ಹಿಂದೆ ಐದು ಬೋಗಿಗಳು ಪ್ಲಾಟ್‌ಫಾರ್ಮಿಗೆ ಸರಿಯಾಗಿ ನಿಂತವು. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟಾದರೂ ಇದ್ದರೆ ಬೋಗಿಗಳ ತುದಿಗಳು ಹಳಿಯಿಂದ ಹೊರಗೆ ಚಾಚಿದಂತೆ ಕಾಣುವುದು ಕಡಿಮೆಯಾಗುತ್ತದೆ. ಹಾಗೆ ಮಾಡಬೇಕೆಂದರೆ ಎಚ್‌ಓ ತಿರುವಿಗೇ ಸುಮಾರು ಒಂದೂವರೆ ಮೀಟರ್ ಅಗಲ ಬೇಕು, ಎನ್‌ಗೆ 80 ಸೆಂ.ಮೀ. ಸಾಕು. ನನ್ನ ಎರಡೂ ಹಲಗೆಗಳು ಈ ಲೆಕ್ಕಕ್ಕೆ ಕಡಿಮೆ ಬಿದ್ದವು, ಆದರೆ ಕಣ್ಣಿಗೆ ಹೆಚ್ಚು ಚುಚ್ಚಿದ್ದು ಎಚ್‌ಓದ ತಿರುವೇ.

ಗುಮ್ಮಟದ ವಿಷಯವೂ ಹೀಗೆಯೇ ಆಯಿತು. ಅದರ ಎತ್ತರ ಸುಮಾರು 51 ಮೀಟರ್. ಎಚ್‌ಓದಲ್ಲಿ ಅಳತೆಗೆ ಸರಿಯಾಗಿ ಕಟ್ಟಿದರೆ 59 ಸೆಂ.ಮೀ. ಎತ್ತರವಾಗಿ, ಬುಡವೇ ಅರ್ಧ ಮೀಟರಿಗೂ ಹೆಚ್ಚು ಅಗಲವನ್ನು ನುಂಗುತ್ತದೆ. ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿ ನೋಡಿದಾಗ ಆಚೆಯ ಹಳಿಯೇ ಕಾಣದಂತಾಯಿತು. ಎನ್‌ನಲ್ಲಿ 32 ಸೆಂ.ಮೀ. ಎತ್ತರದ ಗುಮ್ಮಟವು ಹಲಗೆಯ ಹಿಂಬದಿಗೆ ಸಮಾಧಾನವಾಗಿ ಕುಳಿತಿದೆ, ಮುಂದೆ ಒಂದಿಷ್ಟು ಬಯಲೂ ಉಳಿದಿದೆ.

ಆದರೆ ಕೈಕೆಲಸದ ಸುಖ ಎಚ್‌ಓದಲ್ಲಿಯೇ ಇದೆ, ಇದನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಕಡೆಯ ಬೋಗಿಗಳು ಸಿದ್ಧವಾಗಿ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಕೊಂಡ ಗಾಲಿಗಳ ಮೇಲೆ ಡ್ರಾಯಿಂಗ್ ಹಾಳೆಯ ಬೋಗಿಗಳನ್ನು ನಾನೇ ಕಟ್ಟುತ್ತೇನೆ. ಎಚ್‌ಓದಲ್ಲಿ ಕಿಟಕಿಯೊಂದು ಸುಮಾರು ಏಳು ಮಿ.ಮೀ. ಅಗಲ ಬರುತ್ತದೆ, ಅದನ್ನು ಬ್ಲೇಡಿನಿಂದ ಕತ್ತರಿಸಿ, ಒಳಗಿನಿಂದ ಹೊಲಿಗೆಯ ದಾರವನ್ನು ಅಡ್ಡಡ್ಡ ಎಳೆದು ಅಂಟಿಸಿದರೆ ಕಿಟಕಿಯ ಸರಳುಗಳು ನಿಜವಾಗಿಯೂ ಸರಳುಗಳಂತೆ ನಿಲ್ಲುತ್ತವೆ. ಎನ್‌ನಲ್ಲಿ ಅದೇ ಕಿಟಕಿ ನಾಲ್ಕು ಮಿ.ಮೀ.ಗೂ ಕಡಿಮೆ, ಅಲ್ಲಿ ದಾರವು ಹಗ್ಗದಂತೆ ಕಾಣುತ್ತದೆ, ಆದ್ದರಿಂದ ಪಾರದರ್ಶಕ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು ತೃಪ್ತಿಪಡಬೇಕು. ಮಕ್ಕಳಿಗೂ ಎಚ್‌ಓ ಹಿತ. ನನ್ನ ಅಕ್ಕನ ಎಂಟು ವರ್ಷದ ಮಗ ಎಚ್‌ಓ ಬೋಗಿಗಳನ್ನು ತಾನೇ ಹಳಿಗೆ ಕೂಡಿಸುತ್ತಿದ್ದ. ಎನ್ ಬೋಗಿ ಹಿಡಿದಾಗ “ಮಾಮಾ, ಇದು ಹಳಿ ಮ್ಯಾಲ ಕೂಡವಲ್ದು” ಎಂದು ನನ್ನ ಕೈಗೇ ಕೊಟ್ಟ.

ಎನ್‌ಗೆ ನಮ್ಮೂರಿನ ದೊಡ್ಡ ಶತ್ರು ಧೂಳು. ಬೇಸಿಗೆಯ ಗಾಳಿಯಲ್ಲಿ ಎರೆಹೊಲದ ನುಣ್ಣನೆಯ ಮಣ್ಣು ಮುಚ್ಚಿದ ಕಿಟಕಿಯ ಸಂದಿಯಿಂದಲೂ ಒಳಗೆ ಬಂದು ಹಳಿಯ ಮೇಲೆ ಕೂಡುತ್ತದೆ. ಎಂಜಿನ್ನಿಗೆ ಬೇಕಾದ 12 ವೋಲ್ಟ್ ಡಿ.ಸಿ. ವಿದ್ಯುತ್ತು ಹಳಿಯಿಂದ ಗಾಲಿಯ ಮೂಲಕವೇ ಹೋಗಬೇಕಾದ್ದರಿಂದ, ಭಾರವಾದ ಎಚ್‌ಓ ಎಂಜಿನ್ ದಾಟಿಹೋಗುವ ಧೂಳಿನಲ್ಲಿ ಹಗುರಾದ ಎನ್ ಎಂಜಿನ್ ತಟ್ಟನೆ ನಿಲ್ಲುತ್ತದೆ, ಅದರಲ್ಲಿಯೂ ಹಳಿ ಕವಲೊಡೆಯುವ ಪಾಯಿಂಟಿನ ನಡುವಿನ ಪ್ಲಾಸ್ಟಿಕ್ ತುಣುಕಿನ ಮೇಲೆ. ಮೊದಲು ನಾನು ಮರಳು ಕಾಗದದಿಂದ ಹಳಿ ತಿಕ್ಕಿದೆ. ಅದು ದೊಡ್ಡ ತಪ್ಪು, ಏಕೆಂದರೆ ತಿಕ್ಕಿದ ಗೀರುಗಳಲ್ಲಿಯೇ ಮತ್ತೆ ಹೊಲಸು ಕೂಡುತ್ತದೆ. ಈಗ ಹತ್ತಿಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸುತ್ತೇನೆ. ಎಚ್‌ಓಗೆ ತಿಂಗಳಿಗೊಮ್ಮೆ ಸಾಕಾಗುತ್ತಿತ್ತು, ಎನ್‌ಗೆ ಪ್ರತಿ ಸಲ ಓಡಿಸುವ ಮುಂಚೆಯೂ ಬೇಕು. ಬಿಸಿಲಿನ ಮಾತು ಎರಡಕ್ಕೂ ಒಂದೇ: ಇಪ್ಪತ್ತೈದು ಡಿಗ್ರಿ ಏರಿದರೆ ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿ ಮೀಟರಿಗೆ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ಚಳಿಗಾಲದಲ್ಲಿ ಸಂದು ಬಿಡದೆ ಜೋಡಿಸಿದ್ದ ನನ್ನ ಎಚ್‌ಓ ಹಳಿ ಏಪ್ರಿಲಿನಲ್ಲಿ ಸೊಟ್ಟಗಾಯಿತು.

ಹಲಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎಚ್‌ಓಗೆ 12 ಮಿ.ಮೀ. ಪ್ಲೈವುಡ್ ಹಾಕಿದ್ದೆ, ಇಬ್ಬರಿಲ್ಲದೆ ಎತ್ತಲಾಗುತ್ತಿರಲಿಲ್ಲ. ಎನ್‌ಗೆ ಕಟ್ಟಿಗೆಯ ಚೌಕಟ್ಟಿನ ಮೇಲೆ ದಪ್ಪ ಥರ್ಮಾಕೋಲ್ ಕೂಡಿಸಿದ್ದೇನೆ, ಒಬ್ಬನೇ ಎತ್ತಿ ಗೋಡೆಗೆ ಒರಗಿಸುತ್ತೇನೆ. ಥರ್ಮಾಕೋಲಿಗೆ ಬಿಳಿಯ ನೀರಿನ ಅಂಟನ್ನೇ ಬಳಸಬೇಕು, ಚಪ್ಪಲಿಗೆ ಹಚ್ಚುವ ಘಾಟು ವಾಸನೆಯ ಅಂಟು ಅದನ್ನು ಕರಗಿಸಿ ಗುಂಡಿ ಮಾಡುತ್ತದೆ.

ಬೆಳಗಾವಿ ಕಡೆಯವರು ಲೋಂಡಾದ ಆಚೆ ಕ್ಯಾಸಲ್‌ರಾಕ್‌ನಿಂದ ಇಳಿಯುವ ಘಟ್ಟವನ್ನು ಕಟ್ಟಬಯಸಿದರೆ ನಾನು ಅನುಮಾನಿಸದೆ ಎನ್ ಎನ್ನುತ್ತೇನೆ. ಅಲ್ಲಿನ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಎಚ್‌ಓದಲ್ಲಿ ಏಳೂವರೆ ಸೆಂ.ಮೀ. ಏರಬೇಕು, ಅದಕ್ಕೆ ಸುಮಾರು 2.8 ಮೀಟರ್ ಹಳಿ ಬೇಕು. ಎನ್‌ನಲ್ಲಿ ನಾಲ್ಕೂವರೆ ಸೆಂ.ಮೀ. ಏರಿಗೆ 1.7 ಮೀಟರ್ ಸಾಕು.

ಇನ್ನೊಂದು ಕಾರಣಕ್ಕೂ 9 ಮಿ.ಮೀ. ಹಳಿಯನ್ನು ನಾನು ಬಿಡಲಾರೆ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ ಎಚ್‌ಓದಲ್ಲಿ 19.3 ಮಿ.ಮೀ., ಎನ್‌ನಲ್ಲಿ 10.5 ಮಿ.ಮೀ. ಅಂತರ ಇರಬೇಕಿತ್ತು, ಆದ್ದರಿಂದ ಎರಡೂ ಹಳಿಗಳು ನಮ್ಮ ಗಾಡಿಗೆ ಸಮನಾಗಿ ಇಕ್ಕಟ್ಟು. ಆದರೆ ಸದರ್ನ್ ಮರಾಠಾ ರೈಲ್ವೆಯವರು ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಹಾಯ್ದು ಗದಗಿಗೆ ಹಾಕಿದ ಮೂಲ ಮಾರ್ಗ ಮೀಟರ್ ಗೇಜಿನದು, ಅಂದರೆ ಹಳಿಗಳ ಅಂತರ ಒಂದು ಮೀಟರ್. ಬೋಗಿಗಳನ್ನು 111ನೇ ಒಂದು ಪಾಲಿಗೆ ಕಟ್ಟಿದರೆ ಅದೇ 9 ಮಿ.ಮೀ. ಹಳಿ ಮೀಟರ್ ಗೇಜಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಆ ಅಳತೆಯ ಮೊದಲ ಬೋಗಿಯ ಪಕ್ಕದ ಗೋಡೆಗಳನ್ನು ಹೋದ ವಾರ ಕತ್ತರಿಸಿದೆ. ಕಿಟಕಿ ಐದೂವರೆ ಮಿ.ಮೀ. ಬಂದಿದೆ, ಒಂದೆಳೆಯ ಸಣ್ಣ ದಾರ ಅದರಲ್ಲಿ ಸರಳಾಗಿ ನಿಲ್ಲುತ್ತಿದೆ.