ಸೈಕಲ್ ತೆಗೆಯುವ ಮೊದಲು ನಾನು ನೋಡುವ ‘ದಾಮಿನಿ’

ಬಾರ್ಕೂರು ಹತ್ತಿರದ ನನ್ನ ಮನೆಯಿಂದ ಬ್ರಹ್ಮಾವರ ಕಡೆಗಿರುವ ನಮ್ಮ ಹೈಸ್ಕೂಲಿಗೆ 6 ಕಿಲೋಮೀಟರ್. ನಾನು ಗಣಿತದ ಮೇಷ್ಟ್ರು. ಹನ್ನೊಂದು ವರ್ಷದಿಂದ ಸೈಕಲ್‌ನಲ್ಲೇ ಹೋಗಿ ಬರುತ್ತಿದ್ದೇನೆ. ನಮ್ಮ ಉಡುಪಿ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆಗೆ ಹೆದರಿದರೆ ಜೂನ್‌ನಲ್ಲಿ ಜಗಲಿಗೆ ಏರಿಸಿದ ಸೈಕಲನ್ನು ಸೆಪ್ಟೆಂಬರ್ ಮುಗಿದ ಮೇಲೆಯೇ ಇಳಿಸಬೇಕು.

ಫೋನ್ ಜೊತೆಗೇ ಬಂದ ಒಂದು ಹವಾಮಾನದ ಆ್ಯಪ್ ಇತ್ತು. ಮಳೆಗಾಲದಲ್ಲಿ ದಿನಾ ಶೇಕಡಾ 90 ಮಳೆ ಅನ್ನುತ್ತಿತ್ತು. ಆಷಾಢದಲ್ಲಿ ಕರಾವಳಿಯವರಿಗೆ ಅದನ್ನು ಹೇಳಲು ಫೋನ್ ಬೇಕಾ? ನನಗೆ ಬೇಕಾಗಿದ್ದು ಒಂದೇ ಉತ್ತರ: ಇವತ್ತು ಬೈಲಿನ ರಸ್ತೆಯಲ್ಲಿ ಹೋದರೆ ಜೀವಕ್ಕೆ ಅಪಾಯ ಉಂಟಾ, ಇಲ್ವಾ?

ಆ ಉತ್ತರದ ಮುಖ್ಯ ಭಾಗ ನನಗೆ ‘ದಾಮಿನಿ’ಯಿಂದ ಸಿಕ್ಕಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ ಆ್ಯಪ್ ಇದು. ದುಡ್ಡು ಕೊಡಬೇಕಾಗಿಲ್ಲ. ದೇಶದ ಬೇರೆ ಬೇರೆ ಕಡೆ ಇಟ್ಟಿರುವ ಸೆನ್ಸರ್‌ಗಳು ಮಿಂಚಿನಿಂದ ಹೊರಡುವ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ. ಅದರಿಂದ ಸಿಡಿಲು ಎಲ್ಲಿ ಬಿತ್ತು ಅಂತ ಲೆಕ್ಕ ಹಾಕಿ, ನಕ್ಷೆಯ ಮೇಲೆ ಚುಕ್ಕಿ ಇಡುತ್ತಾರೆ. ಕಳೆದ 5 ನಿಮಿಷದ್ದು, 10 ನಿಮಿಷದ್ದು, 15 ನಿಮಿಷದ್ದು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ನಾವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಇದ್ದರೆ ಎಚ್ಚರಿಕೆ ಬರುತ್ತದೆ. ಎರಡು ದಿನ ನೋಡಿದರೆ ಸಾಕು, ಅಭ್ಯಾಸ ಆಗಿಬಿಡುತ್ತದೆ.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಕಡೆಯ ಎರಡು ತರದ ಮಳೆಯ ಬಗ್ಗೆ ಹೇಳಬೇಕು. ಆರಿದ್ರಾ, ಪುನರ್ವಸು, ಪುಷ್ಯದ ಮಳೆ ಪಡುವಣ ಸಮುದ್ರದಿಂದ ಬರುತ್ತದೆ. ಎಡೆಬಿಡದೆ ಸುರಿಯುತ್ತದೆ, ಗಾಳಿ ಜೋರು, ಆದರೆ ಗುಡುಗು ಕಡಿಮೆ. ಇದರಲ್ಲಿ ಒದ್ದೆ ಆಗಬಹುದು, ಅಷ್ಟೇ. ಏಪ್ರಿಲ್, ಮೇ ತಿಂಗಳ ಮಳೆ ಮತ್ತು ದಸರಾ ರಜೆ ಮುಗಿದ ಮೇಲೆ ಬರುವ ಚಿತ್ತಾ, ಸ್ವಾತಿ ಮಳೆ ಹಾಗಲ್ಲ. ಮಧ್ಯಾಹ್ನದವರೆಗೆ ಸುಡು ಬಿಸಿಲು. ಸಂಜೆ ಮೂಡು ಬದಿಯ ಘಟ್ಟದ ಮೇಲೆ ಮೋಡ ಎದ್ದು ನಮ್ಮ ಕಡೆ ಇಳಿಯುತ್ತದೆ. ಅರ್ಧ ಗಂಟೆಯ ಮಳೆ, ಆದರೆ ಸಿಡಿಲು ಆ ಅರ್ಧ ಗಂಟೆಯಲ್ಲೇ. ಶಾಲೆ ಬಿಡುವ ಹೊತ್ತೂ ಅದೇ.

ಕಳೆದ ಅಕ್ಟೋಬರ್‌ನ ಒಂದು ಸಂಜೆ ನನಗೆ ಮರೆಯುವುದಿಲ್ಲ. 4.15ಕ್ಕೆ ಬೆಲ್ ಆಯಿತು. ಅಂಗಳದಲ್ಲಿ ಬಿಸಿಲು. ಮಕ್ಕಳು ಸೈಕಲ್ ಬೀಗ ತೆಗೆಯುತ್ತಿದ್ದರು. ಫೋನ್ ನೋಡಿದೆ, ಘಟ್ಟದ ಬುಡದ ಹೆಬ್ರಿ ಕಡೆ ಚುಕ್ಕಿಗಳ ಗುಂಪು. ಹತ್ತು ನಿಮಿಷ ಬಿಟ್ಟು ನೋಡಿದರೆ ಕೊಕ್ಕರ್ಣೆ ಹತ್ತಿರ ಬಂದಿತ್ತು. ಬೈಲು ದಾಟಬೇಕಾದ ಐದು ಮಕ್ಕಳನ್ನು ನಿಲ್ಲಿಸಿದೆ. “ಮಳಿ ಎಲ್ಲಿತ್ತ್ ಸರ್?” ಅಂತ ಒಬ್ಬ ಹುಡುಗ ಆಕಾಶ ತೋರಿಸಿ ಕೇಳಿದ. ಫೋನ್ ತೋರಿಸಿದೆ. ಐದೂ ತಲೆ ಅದರ ಮೇಲೆ ಬಗ್ಗಿದವು. ಇನ್ನೂ ಹತ್ತಿರದ ಪೇತ್ರಿ ಮೇಲೆ ಚುಕ್ಕಿ ಬಿದ್ದಾಗ ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಬಿಸಿಲು ಹೋಗಿ ಹಂಚಿನ ಮೇಲೆ ದಪ್ಪ ಹನಿ ಬೀಳಲು ಶುರುವಾಗಿತ್ತು. ಮರುದಿನ ಬೆಳಿಗ್ಗೆ ಬರುವಾಗ ನೋಡಿದೆವು, ಬೈಲಿನ ಅಂಚಿನ ಒಂದು ತೆಂಗಿನ ಮರದ ಸುಳಿ ಸುಟ್ಟು ಹೋಗಿತ್ತು. ನಾವು ದಿನಾ ಹೋಗುವ ರಸ್ತೆಗೆ ಅದು ಇಪ್ಪತ್ತು ಹೆಜ್ಜೆ ದೂರ.

ಗದ್ದೆ ಬೈಲಿನಲ್ಲಿ ಸೈಕಲ್ ಮೇಲೆ ಕೂತವನೇ ಎಲ್ಲರಿಗಿಂತ ಎತ್ತರ. ಟಯರ್ ರಬ್ಬರಿನದ್ದು, ಏನೂ ಆಗುವುದಿಲ್ಲ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಎರಡು ಬೆರಳು ದಪ್ಪದ ರಬ್ಬರ್ ತಡೆ ಆಗುವುದಿಲ್ಲ. ಕಾರಿನೊಳಗೆ ಇದ್ದವರನ್ನು ಕಾಪಾಡುವುದು ಸುತ್ತಲಿನ ಲೋಹದ ಕವಚ, ಟಯರ್ ಅಲ್ಲ. ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ.

ದಾಮಿನಿಗೂ ಒಂದು ಮಿತಿ ಉಂಟು. ಚುಕ್ಕಿ ಅಂದರೆ ಆಗಲೇ ಬಿದ್ದ ಸಿಡಿಲು. ನಮ್ಮ ತಲೆಯ ಮೇಲೆಯೇ ಹುಟ್ಟುವ ಮೋಡದ ಮೊದಲ ಸಿಡಿಲಿಗೆ ಮುಂಚೆ ಚುಕ್ಕಿ ಇರುವುದಿಲ್ಲ. ಕರೆಂಟ್ ಹೋಗಿ ಟವರ್ ನಿಂತರೆ ಎಚ್ಚರಿಕೆಯೂ ಬರುವುದಿಲ್ಲ. ಅದಕ್ಕೇ ಮಕ್ಕಳಿಗೆ ಎಣಿಸುವುದನ್ನೂ ಕಲಿಸಿದ್ದೇನೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ 3ರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡ್ ಅಂದರೆ 10 ಕಿಲೋಮೀಟರ್. ಅದಕ್ಕಿಂತ ಹತ್ತಿರ ಇದ್ದರೆ ಗಟ್ಟಿ ಕಟ್ಟಡದ ಒಳಗೇ ಇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಡಬಾರದು.

ಜೂನ್, ಜುಲೈಯಲ್ಲಿ ನಾನು ಹೆಚ್ಚು ನೋಡುವುದು ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್. 2020ರಲ್ಲಿ ಬಂದದ್ದು. ಅದರಲ್ಲಿ ಬರುವ ಮಳೆ ಎಚ್ಚರಿಕೆಯ ಬಣ್ಣ ಮತ್ತು ಮಾತು ಓದಲು ಕಲಿತರೆ ಬಹಳ ಉಪಯೋಗ. ಭಾರೀ ಮಳೆ ಅಂದರೆ 24 ಗಂಟೆಗೆ 64.5 ಮಿಲಿಮೀಟರಿನಿಂದ ಮೇಲೆ, ಅತಿ ಭಾರೀ ಅಂದರೆ 115.6ರಿಂದ ಮೇಲೆ, 204.4 ದಾಟಿದರೆ ಅತ್ಯಂತ ಭಾರೀ. ಈ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಕೆಂಪು ಬಂದರೆ ಬಸ್ಸು. ಹೆಚ್ಚಿನ ಸಲ ಡಿಸಿಯವರೇ ಶಾಲೆಗೆ ರಜೆ ಕೊಟ್ಟಿರುತ್ತಾರೆ. ಆರೆಂಜ್ ಬಂದ ದಿನವೇ ಯೋಚನೆ ಜಾಸ್ತಿ. ಎಚ್ಚರಿಕೆ ಇಡೀ ಜಿಲ್ಲೆಗೆ. ಬೈಂದೂರಿನ ಕಡಲ ಬದಿಯೂ ಉಡುಪಿ ಜಿಲ್ಲೆ, ಆಗುಂಬೆ ಘಟ್ಟದ ಬುಡದ ಹೆಬ್ರಿಯೂ ಉಡುಪಿ ಜಿಲ್ಲೆ. ಎರಡೂ ಕಡೆ ಒಂದೇ ಮಳೆ ಅಲ್ಲ, ಅಲ್ವಾ? ಅದಕ್ಕೆ ಮುಂದಿನ ಮೂರು ಗಂಟೆಯ ಮುನ್ಸೂಚನೆ ನೋಡುತ್ತೇನೆ, ಆಮೇಲೆ ರಸ್ತೆ ಬದಿಯ ತೋಡು. ತೋಡಿನ ನೀರು ರಸ್ತೆಗೆ ಏರಿದ್ದರೆ ಸೈಕಲ್ ಬೇಡ. ನೀರಿನ ಅಡಿಯಲ್ಲಿ ಡಾಮರಿನ ಅಂಚು ಎಲ್ಲಿ ಮುಗಿಯಿತು, ಹೊಂಡ ಎಲ್ಲಿ ಉಂಟು, ಯಾವುದೂ ಕಾಣುವುದಿಲ್ಲ. ರಿಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದೂ ತಡ.

ದಾಮಿನಿ ಹಾಕಿಕೊಳ್ಳುವವರು ಲೊಕೇಶನ್ ಅನುಮತಿ ಕೊಡಿ, ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಇದನ್ನು ಹೊರಗಿಡಿ. ಇಲ್ಲದಿದ್ದರೆ ಕೆಲವು ಫೋನ್‌ಗಳಲ್ಲಿ ಎಚ್ಚರಿಕೆ ತಡವಾಗಿ ಬರಬಹುದು. ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ, ಪೂರ್ತಿ ಮನಸ್ಸಿನಿಂದ.

ಅಮ್ಮನ ಫೋನಿಗೂ ಹಾಕಿಕೊಟ್ಟಿದ್ದೇನೆ. ಚಿತ್ತಾ ಮಳೆಯ ದಿನಗಳಲ್ಲಿ ಶಾಲೆ ಬಿಡುವ ಮೊದಲೇ ಅವರ ಕರೆ ಬರುತ್ತದೆ: “ಮೂಡ್ ಬದಿ ಚುಕ್ಕಿ ಇತ್ತ್ ಮಗಾ, ಈಗ ಹೊರಡ್ಬೇಡ.”