48 ವೋಲ್ಟ್ ಸ್ವಿಚ್ ಹಾಕುವ ಮೊದಲು ಎರಡನೇ ಸಾಕೆಟ್ ನೋಡಿ

ಮೊನ್ನೆ ನಮ್ಮ ದೊಡ್ಡಮ್ಮನ ಬಾಯಿಂದ ಅವರ ಬಾಲ್ಯದ ಕಥೆ ಕೇಳಿ ರೆಕಾರ್ಡ್ ಮಾಡಲು ಕೂತಿದ್ದೆ. ಪುಟ್ಟ ರೆಕಾರ್ಡರ್, ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಸಾಕೆಟ್. ಒಂದಕ್ಕೆ ನನ್ನ ಕಡೆ ತಿರುಗಿಸಿದ ಕಂಡೆನ್ಸರ್ ಮೈಕ್. ಇನ್ನೊಂದಕ್ಕೆ ದೊಡ್ಡಮ್ಮನ ಸೆರಗಿಗೆ ಸಿಕ್ಕಿಸಿದ ಕಾಲರ್ ಮೈಕ್. ಅದರದ್ದು 3.5 ಮಿ.ಮೀ. ಪಿನ್ ಆದ್ದರಿಂದ ಮಧ್ಯೆ ಒಂದು ಅಡಾಪ್ಟರ್ ಹಾಕಿದ್ದೆ. ಅಂಗಡಿಯವರು "ಇದು ಎಲ್ಲದಕ್ಕೂ ಆಗುತ್ತೆ" ಅಂದಿದ್ದರು, ನಂಬಿದ್ದೆ.

ಕಂಡೆನ್ಸರ್‌ಗೆ ಬೇಕೆಂದು ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಹೋಗುವ 48 ವೋಲ್ಟ್, ಆನ್ ಮಾಡಿದೆ. ಎರಡನೇ ಸಾಕೆಟ್‌ನ ಸದ್ದು ತೋರಿಸುವ ಮೀಟರ್ ಒಮ್ಮೆ ಮೇಲಕ್ಕೆ ಜಿಗಿದು ಕೆಳಗಿಳಿದು ಅಲ್ಲೇ ತುಯ್ಯತೊಡಗಿತು. ಮೀಟರ್ ಆಡುತ್ತಿದೆಯಲ್ಲ ಎಂದು ಹೆಡ್‌ಫೋನ್ ಹಾಕಿಕೊಳ್ಳದೆ ಶುರು ಮಾಡಿಬಿಟ್ಟೆ. ಆಮೇಲೆ ಕೇಳಿದರೆ ಆ ಚಾನೆಲ್‌ನಲ್ಲಿ ಬರೀ ಚರಚರ, ಸುಯ್ ಎನ್ನುವ ಸದ್ದು. ನನ್ನ ಪ್ರಶ್ನೆಗಳೆಲ್ಲ ಸ್ಪಷ್ಟ. ಅವರ ಉತ್ತರ ಮಾತ್ರ ಎಲ್ಲೋ ದೂರದಲ್ಲಿ, ಫ್ಯಾನಿನ ಗಾಳಿಯ ಹಿಂದೆ.

ಆಗಿದ್ದು ಇಷ್ಟು. ನನ್ನ ರೆಕಾರ್ಡರ್‌ನಲ್ಲಿ ಫ್ಯಾಂಟಮ್‌ಗೆ ಒಂದೇ ಸ್ವಿಚ್, ಹಾಕಿದರೆ ಎರಡೂ ಸಾಕೆಟ್‌ಗೆ 48 ವೋಲ್ಟ್ ಹೋಗುತ್ತದೆ. ಕಾಲರ್ ಮೈಕಿನ ಎಲೆಕ್ಟ್ರೆಟ್ ಕ್ಯಾಪ್ಸೂಲ್‌ಗೆ (ಸದ್ದು ಹಿಡಿಯುವ ಪುಟ್ಟ ಭಾಗಕ್ಕೆ) ಬೇಕಾದದ್ದು 2ರಿಂದ 5 ವೋಲ್ಟಿನ ಪ್ಲಗ್-ಇನ್ ಪವರ್, ಅಂದರೆ 3.5 ಮಿ.ಮೀ. ಜಾಕ್‌ನಿಂದ ಬರುವ ಸಣ್ಣ ವೋಲ್ಟೇಜ್. ಫ್ಯಾಂಟಮ್ ದಾರಿಯಲ್ಲಿ 6.8 ಕಿಲೋಓಮ್ ರೆಸಿಸ್ಟರ್ ಇರುತ್ತದೆ, ನಿಜ. ಆದರೆ ಕ್ಯಾಪ್ಸೂಲ್ ಎಳೆಯುವುದು ಅರ್ಧ ಮಿಲಿಆಂಪ್ ಎಂದುಕೊಂಡರೂ ಆ ರೆಸಿಸ್ಟರ್ ತಿನ್ನುವುದು ಬರೀ 3.4 ವೋಲ್ಟ್. ಉಳಿದ 44 ಚಿಲ್ಲರೆ ವೋಲ್ಟ್ ನೇರ ಆ ಅಕ್ಕಿಕಾಳಿನಷ್ಟು ಜೀವದ ಮೇಲೆ! ನನ್ನ ಅಡಾಪ್ಟರ್ ಬಿಚ್ಚಿ ನೋಡಿದೆ: ಒಳಗೆ ಎರಡು ತಂತಿ, ಬೆಸುಗೆ, ಅಷ್ಟೇ. 48 ವೋಲ್ಟನ್ನು ಇಳಿಸಿ ಪ್ಲಗ್-ಇನ್ ಪವರ್ ಕೊಡುವ ಅಡಾಪ್ಟರ್ ಬೇರೆಯೇ ಇದೆ, ಒಳಗೆ ಸರ್ಕ್ಯೂಟ್ ಇರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ಅಪಾಯ. ಕೊಳ್ಳುವಾಗ ಅದನ್ನೇ ಬಾಯಿಬಿಟ್ಟು ಕೇಳಿ. ರೆಕಾರ್ಡರ್‌ನಲ್ಲೇ 3.5 ಮೈಕ್ ಜಾಕ್ ಇದ್ದರೆ ಕಾಲರ್ ಮೈಕನ್ನು ಅಲ್ಲಿಗೇ ಹಾಕಿ, ಮೆನುವಿನಲ್ಲಿ ಪ್ಲಗ್-ಇನ್ ಪವರ್ ಆನ್ ಮಾಡಿ.

ವೈರ್‌ಲೆಸ್ ರಿಸೀವರನ್ನು ಇಂಥ ತಂತಿ ಅಡಾಪ್ಟರ್‌ನಲ್ಲಿ ಸಿಕ್ಕಿಸುವವರಿಗೂ ಇದೇ ಮಾತು. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿರುವ ಡೈನಮಿಕ್ ಮೈಕ್‌ಗೆ (ಒಳಗೆ ತಂತಿ ಸುರುಳಿ, ಅಂದರೆ ಕಾಯಿಲ್ ಇರುವಂಥದ್ದಕ್ಕೆ) ಸಾಮಾನ್ಯವಾಗಿ ತೊಂದರೆ ಇಲ್ಲ. 2 ಮತ್ತು 3ನೇ ಪಿನ್‌ಗೆ ಒಂದೇ ವೋಲ್ಟೇಜ್ ಬರುವುದರಿಂದ ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆಯ ರಿಬ್ಬನ್ ಮೈಕ್ (ಒಳಗೆ ತೆಳು ಲೋಹದ ಪಟ್ಟಿ ಇರುವಂಥದ್ದು) ಇದ್ದರೆ ಮಾತ್ರ ಫ್ಯಾಂಟಮ್ ಮುಟ್ಟಲೇಬೇಡಿ. ಕೇಬಲ್‌ನಲ್ಲಿ ಒಂದು ಪಿನ್ ಶಾರ್ಟ್ ಆಗಿದ್ದರೂ ರಿಬ್ಬನ್ ಹೋಗಬಹುದು.

ಇನ್ನೊಂದು, ಬ್ಯಾಟರಿ. 2 ಎಎ ಸೆಲ್‌ನ 3 ವೋಲ್ಟನ್ನು 48ಕ್ಕೆ ಏರಿಸುವ ಕೆಲಸ ಸೆಲ್ಲನ್ನು ಬೇಗ ಹೀರುತ್ತದೆ. ಅವತ್ತು ಮಾತಿನ ನಡುವೆಯೇ ರೆಕಾರ್ಡರ್ ಆರಿಹೋಯಿತು. ಫ್ಯಾಂಟಮ್ ಬಳಸುವ ದಿನ ಬದಲಿ ಸೆಲ್ ಕೈಯಳತೆಯಲ್ಲಿರಲಿ.

ಹೊಸ ಮೈಕ್ ತಂದು, ಹೆಡ್‌ಫೋನ್ ಕಿವಿಗೆ ಹಾಕಿಕೊಂಡೇ ದೊಡ್ಡಮ್ಮನ ಎದುರು ಮತ್ತೆ ಕೂತೆ. ಖುಷಿಯಿಂದಲೇ ಮಾತಾಡಿದರು. ಆದರೆ ಅವರಮ್ಮ ತೀರಿಕೊಂಡ ರಾತ್ರಿಯ ಮಾತು ಬಂದಾಗ, "ಅದನ್ನ ಅವತ್ತೇ ಹೇಳಿದ್ದೀನಲ್ಲಪ್ಪ" ಎಂದು ಮುಂದಕ್ಕೆ ಹೋದರು.