ಟ್ರೇಲರ್ ಕಟ್ಟಿಕೊಂಡು ಅಲಾಸ್ಕಕ್ಕೆ: ಅಲಾಸ್ಕ ಹೈವೇನಾ, ಕ್ಯಾಸಿಯರ್ ರಸ್ತೆನಾ?

ಕೆನಡಾದ ಪ್ರಿನ್ಸ್ ಜಾರ್ಜ್ ದಾಟಿದರೆ ಉತ್ತರಕ್ಕೆ ಎರಡು ದಾರಿ. ಡಾಸನ್ ಕ್ರೀಕ್‌ಗೆ ಹೋಗಿ ಅಲಾಸ್ಕ ಹೈವೇ ಹಿಡಿಯಬಹುದು. ಇಲ್ಲವೇ ಪಶ್ಚಿಮಕ್ಕೆ ಕಿಟ್ವಾಂಗಾ ತನಕ ಹೋಗಿ ಕ್ಯಾಸಿಯರ್ ರಸ್ತೆಗೆ ತಿರುಗಬಹುದು. ಎರಡೂ ವಾಟ್ಸನ್ ಲೇಕ್ ಹತ್ತಿರ ಸೇರುತ್ತವೆ. ನಾವು ಪಿಕಪ್‌ಗೆ ಟ್ರೇಲರ್ (ಒಳಗೇ ಅಡುಗೆ, ವಾಸ ಮಾಡಬಹುದಾದ ಚಕ್ರದ ಮನೆ) ಕಟ್ಟಿಕೊಂಡು ಹೋಗುವಾಗ ಹೈವೇಯಲ್ಲಿ ಹೋದೆವು, ಬರುವಾಗ ಕ್ಯಾಸಿಯರ್‌ನಲ್ಲಿ ಬಂದೆವು.

ಕ್ಯಾಸಿಯರ್ ಹಿಡಿದರೆ ನೂರು ಕಿ.ಮೀ.ಗೂ ಜಾಸ್ತಿ ಉಳಿಯುತ್ತದೆ. ನೋಡೋಕೂ ಅದೇ ಚೆಂದ. ಮೆಜಿಯಾಡಿನ್‌ನಲ್ಲಿ ಸ್ಟೀವರ್ಟ್ ಕಡೆ ತಿರುಗಿದರೆ ಬೇರ್ ಗ್ಲೇಸಿಯರ್ ಅನ್ನೋ ಹಿಮನದಿ ರಸ್ತೆಯಿಂದಲೇ ಕಾಣುತ್ತದೆ. ಆದರೂ ಟ್ರೇಲರ್ ಇದ್ದರೆ ನನ್ನ ಓಟು ಹೈವೇಗೇ. ಕ್ಯಾಸಿಯರ್ ಕಿರಿದು. ಎಷ್ಟೋ ಕಡೆ ಡಾಂಬರು ಮುಗಿದಲ್ಲೇ ಇಳಿಜಾರು ಶುರು. ಎದುರಿಂದ ಲಾರಿ ಬಂದಾಗಲೆಲ್ಲ ಟ್ರೇಲರ್‌ನ ಬಲಚಕ್ರ ಅಂಚಿನ ಮೇಲೇ ಉರುಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನಿಲ್ಲಿಸೋಣ ಅಂದರೆ ಜಾಗ ಇಲ್ಲ.

ಕ್ಯಾಸಿಯರ್‌ನಲ್ಲಿ ಪೆಟ್ರೋಲ್ ಲೆಕ್ಕವೂ ಬಿಗಿ. ಬೆಲ್ 2 ಬಂಕ್‌ನಿಂದ ಡೀಸ್ ಲೇಕ್‌ಗೆ ಸುಮಾರು 240 ಕಿ.ಮೀ. ಟ್ರೇಲರ್ ಎಳೆಯುವಾಗ ಮೈಲೇಜ್ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತೆ ಅಲ್ವಾ? ಹಾಗಾಗಿ ಬೆಲ್ 2ನಲ್ಲಿ ಟ್ಯಾಂಕ್ ಫುಲ್ ಮಾಡಿಸದೆ ಮುಂದೆ ಹೋಗಬೇಡಿ.

ಅಲಾಸ್ಕ ಹೈವೇ 1942ರಲ್ಲಿ ಅಮೆರಿಕದ ಸೈನ್ಯ ಕಡಿದ ದಾರಿ. ಈಗ ಅಗಲವಾಗಿದೆ, ಬಂಕ್‌ಗಳೂ ಜಾಸ್ತಿ. ಫೋರ್ಟ್ ನೆಲ್ಸನ್ ಆದಮೇಲಿನ ಬೆಟ್ಟಗಳಲ್ಲಿ ಮಾತ್ರ ಹುಷಾರು. ಇಳಿಯುವಾಗ ಗೇರ್ ಕಡಿಮೆ ಮಾಡಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಲಿಯರ್ಡ್ ಬಿಸಿನೀರಿನ ಬುಗ್ಗೆಯ ಆಸುಪಾಸಿನಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡು ರಸ್ತೆಗೇ ಬಂದು ನಿಲ್ಲುತ್ತದೆ. ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಿಕೊಳ್ಳಿ.

ಈ ಎರಡರಲ್ಲಿ ಯಾವ ದಾರಿಯಲ್ಲಿ ಬಂದರೂ, ಎರಡೂ ಸೇರಿದ ಮೇಲೆ ಅಲಾಸ್ಕ ಹೈವೇಯಲ್ಲಿ ಸಿಗುವ ಡಿಸ್ಟ್ರಕ್ಷನ್ ಬೇ ಮತ್ತು ಬೀವರ್ ಕ್ರೀಕ್ ನಡುವಿನ ತುಂಡು ತಪ್ಪೋದಿಲ್ಲ. ನೆಲದಡಿಯ ಮಂಜುಗಡ್ಡೆ ಕರಗಿ, ಮತ್ತೆ ಗಟ್ಟಿಯಾಗಿ ರಸ್ತೆ ಅಲೆಅಲೆಯಾಗಿ ಏಳುತ್ತದೆ. ಪಿಕಪ್ ಆರಾಮಾಗಿ ದಾಟುತ್ತದೆ, ಹಿಂದಿನ ಟ್ರೇಲರ್ ಎಗರುತ್ತದೆ. ನಿಲ್ಲಿಸಿ ಬಾಗಿಲು ತೆಗೆದರೆ ಕಪಾಟು ಬಾಯಿ ಬಿಟ್ಟಿತ್ತು, ತೊಗರಿಬೇಳೆ ನೆಲದ ತುಂಬಾ. ಆಮೇಲೆ ಕಪಾಟಿನ ಹಿಡಿಗಳಿಗೆ ಹಗ್ಗ ಬಿಗಿದು ಗಂಟೆಗೆ 50 ಕಿ.ಮೀ. ದಾಟಲಿಲ್ಲ. ಟ್ರೇಲರ್‌ಗೆ ಸ್ಟೆಪ್ನಿ ಒಂದಲ್ಲ, ಎರಡು ಇರಲಿ. ನಿಂತಾಗಲೆಲ್ಲ ಟೈರ್‌ ಗಾಳಿ ನೋಡಿ, ಚಕ್ರದ ಹಬ್ (ನಡುಭಾಗ) ಹತ್ತಿರ ಕೈ ಒಡ್ಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿಯಿದ್ದರೆ ಬೇರಿಂಗ್ ಅಥವಾ ಬ್ರೇಕ್ ಪರೀಕ್ಷೆ ಮಾಡಿಸಿಯೇ ಹೊರಡಿ.